ಇರುಳುಗಣ್ಣಿನವರ ನಾಲ್ಕನೇ ಹಾಡು

ನಾನು ಹೇಳುವುದೆಲ್ಲ ನಿಜ, ನಿಜವಲ್ಲದೆ ಬೇರೇನೂ ಇಲ್ಲ. ಅಲ್ಲಲ್ಲಿ ಕೊಂಚ ಹತ್ತಿ ತುಂಬಿರಬಹುದು, ನಿಜ ಚುಚ್ಚದಿರಲಿ ಎಂದು. ಹತ್ತಿ ತುಂಬುವುದು ಇಲ್ಲಿ ಬರೀ ಅಲಂಕಾರದ ಮಾತಲ್ಲ. ನಮ್ಮ ಬ್ಯಾಂಡು ಹುಟ್ಟಿದ್ದು, ಬೆಳೆದದ್ದು, ಆಗಾಗ ಗೊರಕೆ ಹೊಡೆದದ್ದು ಎಲ್ಲ ಒಂದು ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ.

ಬ್ಯಾಂಡಿನ ಹೆಸರು ‘ಇರುಳುಗಣ್ಣು’. ಇರುವುದು ಮೂರೇ ಜನ. ಡ್ರಮ್ ಬಾರಿಸುವವಳು ಆ ಅಂಗಡಿಯ ಒಡತಿ. ಹಗಲಿಡೀ ಕೋಲು ಹಿಡಿದು ಹತ್ತಿ ಬಡಿಯುತ್ತಾಳೆ, ಕೆಲಸ ಮುಗಿದ ಮೇಲೆ ಅದೇ ತೋಳಿನಲ್ಲಿ ಡ್ರಮ್ ಬಡಿಯುತ್ತಾಳೆ. ಎರಡರಲ್ಲಿ ಯಾವುದು ಕಸುಬು, ಯಾವುದು ಹವ್ಯಾಸ ಎಂದು ಪೆಟ್ಟು ತಿನ್ನುವವರಿಗೂ ತಿಳಿಯದು. ನಾವು ಅವಳನ್ನು ಗುದ್ದಮ್ಮ ಅನ್ನುತ್ತೇವೆ. ಗಿಟಾರ್ ನುಡಿಸುವವನು, ಹಾಡು ಬರೆಯುವವನು, ಕನ್ನಡಕದ ಅಂಗಡಿಯವನು. ಬರೆಯುವುದು ಕನ್ನಡದಲ್ಲಿ, ಬದುಕುವುದು ಕನ್ನಡಕದಲ್ಲಿ. ನಡುವೆ ಒಂದೇ ಒಂದು ಕಕಾರದ ಅಂತರ. ಹಾಗಾಗಿ ಅವನಿಗೆ ಕನ್ನಡಕ ಎಂದೇ ಹೆಸರು ನಿಂತುಬಿಟ್ಟಿದೆ.

ಇನ್ನು ಹಾಡುವವನು ನಾನು. ಹಗಲು ನನಗೂ ಒಂದು ಕೆಲಸವಿದೆ. ನೀವು ಯಾವುದಾದರೂ ಕಚೇರಿಗೆ ಫೋನ್ ಮಾಡಿ, ‘ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯುತ್ತಿರಿ’ ಎಂಬ ಜೇನು ಸುರಿಯುವ ದನಿ ಕೇಳಿ ಹಲ್ಲು ಕಡಿದಿದ್ದರೆ, ಆ ಹಲ್ಲು ಕಡಿದದ್ದು ನನ್ನ ಮೇಲೆಯೇ. ಉಳಿದಂತೆ ನನಗೆ ಯಾರ ದನಿ ಕಿವಿಗೆ ಬಿದ್ದರೂ ಅದು ನಾಲಿಗೆಯಲ್ಲಿ ಬಂದು ಕೂರುತ್ತದೆ. ಬಾಗಿಲು ಕಿರುಗುಟ್ಟುವುದು, ಕೆಟಲ್ ಕುದಿಯುವುದು, ನಮ್ಮ ಮೇಲಧಿಕಾರಿ ರಜೆ ಕೊಡುವುದಿಲ್ಲ ಎನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಯಾವುದನ್ನೂ ಬಿಟ್ಟವನಲ್ಲ.

ನಾವು ನುಡಿಸುವುದಕ್ಕೆ ಮೆಲೋಡಿಕ್ ಡೆತ್ ಮೆಟಲ್ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ. ಮೇಲುಗಡೆ ಗಿಟಾರಿನ ರಾಗ ತೊಟ್ಟಿಲ ಹಾಗೆ ತೂಗುತ್ತಿರುತ್ತದೆ. ಕೆಳಗಡೆ ಡ್ರಮ್ಮು ಬೆದರಿದ ಕುದುರೆಗಳ ಹಾಗೆ ಓಡುತ್ತಿರುತ್ತದೆ. ನಡುವೆ ಹಾಡುವವನು ಗಂಟಲಿನ ಆಳದಿಂದ ಗುರುಗುಟ್ಟುತ್ತಾನೆ. ಸತ್ತವರಿಗೆ ಹಾಡುವ ಜೋಗುಳ ಅಂದುಕೊಳ್ಳಿ. ಆ ಗುರುಗುಟ್ಟುವುದನ್ನು ಯಾರಿಂದ ಕಲಿತೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಗುರುವೂ ಇಲ್ಲ, ಗುಟ್ಟೂ ಇಲ್ಲ, ಬರೀ ಗುರುಗುಟ್ಟು.

ನಮ್ಮ ಸದ್ದನ್ನು ಹಾಸಿಗೆಗಳು ಕುಡಿದುಬಿಡುತ್ತವೆ. ಗೋಡೆಗೆ ಒರಗಿಸಿಟ್ಟ ದಪ್ಪ ದಪ್ಪ ಹಾಸಿಗೆಗಳು, ಸೂರಿನವರೆಗೆ ಪೇರಿಸಿದ ದಿಂಬುಗಳು. ಬೀದಿಯಲ್ಲಿ ನಿಂತವರಿಗೆ ಯಾರದೋ ಹಸಿದ ಹೊಟ್ಟೆ ಕುರುಗುಟ್ಟಿದಷ್ಟೇ ಕೇಳಿಸುತ್ತದೆ. ಒಳಗೆ ಮಾತ್ರ ಬೇರೆಯೇ ಹವೆ. ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿಯುತ್ತದೆ. ಆ ಬಿಸಿಲಿನಲ್ಲಿ ಅರಳೆಯ ಎಳೆಗಳು ಅರಳುತ್ತ, ತೇಲುತ್ತ, ಎಲ್ಲಿಗೆ ಹೋಗಬೇಕೆಂದು ಮರೆತವರ ಹಾಗೆ ತಿರುಗುತ್ತಿರುತ್ತವೆ. ನೋಡುತ್ತ ಕೂತರೆ, ಯಾರೋ ಮಲಗಿದ್ದಾರೆ, ನಾವು ಮೂವರೂ ಅವರ ನಿದ್ದೆಯೊಳಗೆ ಬಂದು ವಾದ್ಯ ಶ್ರುತಿ ಮಾಡುತ್ತಿದ್ದೇವೆ ಅನ್ನಿಸುತ್ತದೆ.

ಹೊಸ ಆಲ್ಬಮ್ಮಿಗೆ ಕನ್ನಡಕ ‘ಮಂಪರು’ ಎಂದು ಹೆಸರಿಟ್ಟದ್ದು ಅದಕ್ಕೇ ಇರಬೇಕು. ನಮ್ಮ ಹಿಂದೆ ಯಾವ ಕಂಪನಿಯೂ ಇಲ್ಲ, ಮುಂದೆಯೂ ಇಲ್ಲ. ನಾವೇ ನುಡಿಸಿ, ನಾವೇ ರೆಕಾರ್ಡ್ ಮಾಡಿ, ನಾವೇ ಬಿಡುಗಡೆ ಮಾಡಬೇಕು. ಗುದ್ದಮ್ಮ ಪ್ರತಿ ಸಿ.ಡಿ.ಗೂ ಹಾಸಿಗೆಯ ಪಟ್ಟೆ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು, ಒಳಗೆ ಹಿಡಿ ಅರಳೆ ಇಟ್ಟಳು. ಕೈಗೆ ತೆಗೆದುಕೊಂಡರೆ ಗೊಂಬೆಯ ದಿಂಬಿನ ಹಾಗಿತ್ತು. ಜೊತೆಗೆ ಹಾಡುಗಳ ಸಾಲುಗಳನ್ನು ಅಚ್ಚು ಹಾಕಿದ ಕಾರ್ಡು. ಅದು ಕನ್ನಡಕನ ಕೈವಾಡ: ಕಣ್ಣು ಪರೀಕ್ಷೆಯ ಹಲಗೆಯ ಹಾಗೆ, ಮೇಲಿನ ಸಾಲು ದೊಡ್ಡಕ್ಷರದಲ್ಲಿ, ಇಳಿಯುತ್ತ ಇಳಿಯುತ್ತ ಸಣ್ಣಗಾಗಿ, ಕೊನೆಯ ಸಾಲು ಇರುವೆಯ ಹೆಜ್ಜೆಯಷ್ಟು.

‘ಓದೋಕ್ಕಾಗದವರು ನಮ್ಮ ಅಂಗಡಿಗೆ ಬರಲಿ,’ ಎಂದಿದ್ದ.

ಅಂಗಡಿ ನಡೆಸುವುದು ಅವನೊಬ್ಬನೇ ಅಲ್ಲ. ಒಳಗೆ ಗಾಜು ಉಜ್ಜುವವನು ಅವನು; ಹೊರಗೆ ಕೂತು ಗಿರಾಕಿಗಳ ಮೂಗಿಗೆ ಚೌಕಟ್ಟು ಕೂರಿಸುವವಳು ಅವನ ಅಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಸಾಕಿದ್ದು ಮುಗಿದಿದೆ ಎಂದು ಯಾರೂ ಅವಳಿಗೆ ಹೇಳಿಲ್ಲ, ಹಾಗಾಗಿ ಇನ್ನೂ ಸಾಕುತ್ತಿದ್ದಾಳೆ. ಅವನ ಫೋನು ಬಡಿದುಕೊಂಡರೆ ಎತ್ತುವ ಮೊದಲೇ ನಮಗೆ ಗೊತ್ತು, ಛತ್ರಿ ಅಥವಾ ಊಟ.

ಬಿಡುಗಡೆಗೆ ಕರೆಯಲು ಅವನು ನನ್ನನ್ನೂ ಜೊತೆಗಿಟ್ಟುಕೊಂಡು ನಿಂತ. ಒಬ್ಬನೇ ಕರೆಯುವಷ್ಟು ಧೈರ್ಯವಿರಲಿಲ್ಲ. ಅಕ್ಕ ಗಿರಾಕಿಯೊಬ್ಬನ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದಳು.

‘ಅಕ್ಕ, ಮುಂದಿನ ತಿಂಗಳು ಬಿಡುಗಡೆ.’

‘ಯಾರಿಗೆ? ನಮಗಾ?’ ಎಂದಳು ಅಕ್ಕ, ತಲೆ ಎತ್ತದೆ.

‘ಆಲ್ಬಮ್ ಬಿಡುಗಡೆ ಕಣೇ. ಮೆಲೋಡಿಕ್ ಡೆತ್ ಮೆಟಲ್.’

‘ಡೆತ್ ಮೆಟ್ಲು. ಅದನ್ನ ಹತ್ತೋದಾ, ಇಳಿಯೋದಾ?’

ಗಿರಾಕಿ ನಕ್ಕ. ಚೌಕಟ್ಟು ಜಾರಿತು. ‘ನೀವು ನಗಬೇಡಿ, ನಗೋ ಮೂಗಿಗೆ ಅಳತೆ ಬೇರೆ,’ ಎಂದು ಅವನನ್ನು ಗದರಿ, ಅಕ್ಕ ನಮ್ಮತ್ತ ತಿರುಗಿದಳು. ‘ನಿನ್ನ ಹಾಡು ಕೇಳಬಾರದು ಅಂತ ನಂಗೇನು ಹಟ ಇಲ್ಲ ಕಣೋ. ಚಿಕ್ಕವನಿದ್ದಾಗ ಏನು ಬರೆದ್ರೂ ಮೊದಲು ನಂಗೇ ಓದಿ ಹೇಳ್ತಿದ್ದೆ. ಒಂದೊಂದು ಮಾತೂ ತಿಳೀತಿತ್ತು. ಈಗ ಚೆನ್ನಾಗಿ ಬರೆದು, ಆಮೇಲೆ ರುಬ್ಬೋಕೆ ಹಾಕ್ತೀಯಲ್ಲ. ಇವನ ಗಂಟಲಿಗೆ ಹಾಕಿದ್ರೆ ಬರೀ ಹಿಟ್ಟೇ ಹೊರಗೆ ಬರೋದು.’

ಇವನು ಅಂದರೆ ನಾನು. ನಾನು ಹಿಟ್ಟಿನ ಗಿರಣಿಯ ಸದ್ದು ಮಾಡಿ ತೋರಿಸಿದೆ.

‘ನೋಡು, ಹೇಳಲಿಲ್ವಾ?’ ಎಂದಳು ಅಕ್ಕ.

‘ಕಾರ್ಡು ಅಚ್ಚು ಹಾಕಿಸ್ತೀನಿ ಅಕ್ಕ. ಸಾಲು ನೋಡ್ಕೊಂಡು ಕೇಳಬಹುದು.’

‘ಕಾರ್ಡು ಬೇಡ. ಹಾಡು ಅಂದ ಮೇಲೆ ಕಿವಿಗೆ ಸಿಗಬೇಕು. ಬರ್ತೀನಿ, ಕೂತು ಪೂರ್ತಿ ಕೇಳ್ತೀನಿ. ಸಿಕ್ಕಿದ್ರೆ ಸಿಕ್ತು, ಇಲ್ಲ ಅಂದ್ರೆ ಇಲ್ಲ.’

ಹೊರಗೆ ಬಂದ ಮೇಲೆ ಕನ್ನಡಕ ಸರಸರ ನಡೆದ. ಆಮೇಲೆ, ರಸ್ತೆ ದಾಟುತ್ತ, ಯಾವುದೋ ಗಿರಾಕಿಗೆ ನಂಬರ್ ಹೇಳುವಷ್ಟು ಶಾಂತವಾಗಿ ಹೇಳಿದ: ‘ಅಕ್ಕನಿಗೆ ಒಂದೇ ಒಂದು ಸಾಲು ಕಿವಿಯಿಂದ ಸಿಕ್ಕಿದ್ರೂ ಸಾಕು. ಸಿಗಲಿಲ್ಲ ಅಂದ್ರೆ ನಾನು ಬರೆಯೋದು ಇದೇ ಕೊನೆ. ಮುಂದಿನ ಆಲ್ಬಮ್ಮಲ್ಲಿ ನೀನು ಕೆಮ್ಮಿದ್ರೆ ಸಾಕು, ಅದಕ್ಕೆ ಗಿಟಾರ್ ನುಡಿಸ್ತೀನಿ.’

‘ಒಣ ಕೆಮ್ಮಾ, ಕಫದ್ದಾ?’ ಎಂದೆ. ಅವನು ನಗಲಿಲ್ಲ. ತಮಾಷೆಗೆ ಹೇಳುತ್ತಿಲ್ಲ ಎಂದು ಆಗ ತಿಳಿಯಿತು.

ನಾಲ್ಕನೇ ಹಾಡಿನ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ. ಶುರುವಿಗೆ ಗಿಟಾರ್ ಒಂದೇ, ನೀರಿನ ತಳದಲ್ಲಿ ಯಾರೋ ದೀಪ ಹಿಡಿದು ನಡೆದ ಹಾಗೆ, ಆಮೇಲೆ ಡ್ರಮ್ಮು, ಆಮೇಲೆ ನಾನು. ‘ಮಂಜಿನ ಮಡಿಲಲಿ ಮುಳುಗಿದ ದೀಪವೇ, ನಿನ್ನ ಬತ್ತಿಯ ಬೂದಿ ನನ್ನ ರೆಪ್ಪೆಯ ಮೇಲೆ’ ಎಂದು ಸಾಲುಗಳು. ವಾದ್ಯಗಳ ರೆಕಾರ್ಡಿಂಗ್ ಮೊದಲೇ ಮುಗಿದಿತ್ತು; ಒಂದು ಮಧ್ಯಾಹ್ನ ಅದರ ಜೊತೆಗೆ ಹಾಡಿ ಹಾಡಿ ನನ್ನ ಗಂಟಲು ಸುಲಿದುಹೋಯಿತು. ಪ್ರತಿ ಸಲವೂ ಕನ್ನಡಕ ತಲೆ ಅಲ್ಲಾಡಿಸುತ್ತಿದ್ದ. ‘ಸರಿಯಾಗಿದೆ. ಆದ್ರೆ ಯಾರಿಗೆ ಹೇಳ್ತಿದ್ದೀಯ ಅಂತ ಗೊತ್ತಾಗ್ತಿಲ್ಲ. ದೀಪಕ್ಕೆ ಹೇಳು ಕಣೋ, ಗೋಡೆಗಲ್ಲ.’ ಅಷ್ಟರಲ್ಲಿ ಅಂಗಡಿಯಿಂದ ಕರೆ ಬಂತು, ಯಾರದೋ ಗಾಜು ಒಡೆದಿದೆಯಂತೆ. ಅವನು ಹೋದ.

ನಾನು ಹಾಸಿಗೆಯ ಮೇಲೆ ಅಂಗಾತ ಬಿದ್ದುಕೊಂಡೆ. ಗುದ್ದಮ್ಮ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದಳು.

‘ಅಕ್ಕ ಇದನ್ನ ಹಾಡಿದ್ರೆ ಹೇಗಿರುತ್ತೆ?’ ಎಂದಳು.

ಬೆಂಕಿಗೆ ತುಪ್ಪ ತೋರಿಸಬಾರದು. ನಾನು ಎದ್ದು ಮೈಕಿನ ಮುಂದೆ ನಿಂತೆ. ಸೊಂಟದ ಮೇಲೆ ಕೈ, ಮೂಗಿನ ತುದಿಯಲ್ಲಿ ಇಲ್ಲದ ಕನ್ನಡಕ. ಅಕ್ಕನ ಮಾತಿಗೆ ಒಂದು ಲಯವಿದೆ, ಮೊದಲು ಎತ್ತಿ, ಕೊನೆಗೆ ದಪ್ಪನೆ ಇಳಿಸುವುದು. ಆ ಲಯ ಹಾಗೆಯೇ ಇಟ್ಟುಕೊಂಡು, ದನಿ ಮಾತ್ರ ಪಾತಾಳಕ್ಕೆ ಇಳಿಸಿ, ಹಾಡಿನ ತಾಳಕ್ಕೆ ಸರಿಯಾಗಿ ಗುರುಗುಟ್ಟಿದೆ:

ಬೆನ್ನು ನೆಟ್ಟಗೆ ಮಾಡೋ, ಪ್ರಶ್ನೆ ಚಿಹ್ನೆ ಥರ ಕೂರಬೇಡ!
ಒದ್ದೆ ಛತ್ರಿ ಹೊರಗಿಡೋ, ನೆಲ ನಿಮ್ಮಪ್ಪ ಒರೆಸ್ತಾನಾ?
ಊಟ ಆಯ್ತಾ? ಆಯ್ತು ಅಂತ ಸುಳ್ಳು ಹೇಳಬೇಡ!
ಕನ್ನಡಕ ತೆಗೆದು ಮಲಗೋ, ಕನಸಿಗೆ ನಂಬರ್ ಇಲ್ಲ!

ಅವನಪ್ಪನೂ ತನ್ನಪ್ಪನೂ ಒಬ್ಬನೇ ಎಂಬುದು ಛತ್ರಿ ಕಂಡರೆ ಅಕ್ಕನಿಗೆ ಮರೆತುಹೋಗುತ್ತದೆ. ಕೊನೆಯ ಮಾತಂತೂ ಅವಳು ದಿನಾ ಹೇಳುವುದು. ಅವನು ಕನ್ನಡಕ ಹಾಕಿಕೊಂಡೇ ನಿದ್ದೆಹೋಗುವ ಗಿರಾಕಿ.

ಗುದ್ದಮ್ಮ ನಕ್ಕೂ ನಕ್ಕೂ ದಬ್ಬಣ ಕಳೆದುಕೊಂಡಳು. ಹಾಸಿಗೆ ಅಂಗಡಿಯಲ್ಲಿ ದಬ್ಬಣ ಕಳೆದರೆ ಅದು ನಗುವ ವಿಷಯವಲ್ಲ. ಇಬ್ಬರೂ ಮಂಡಿಯೂರಿ ಹುಡುಕಿದೆವು. ಸಿಕ್ಕ ಮೇಲೆ ಅವಳು ಹೇಳಿದಳು, ‘ರೆಕಾರ್ಡ್ ಆಗಿದೆ. ಅವನು ಬಂದಾಗ ಇದನ್ನೇ ಹಾಕೋಣ. ಛತ್ರಿ ಬಂದಾಗ ಮುಖ ನೋಡೋಣ.’

ಕನ್ನಡಕ ಬಂದ. ಹಾಸಿಗೆಯ ಮೇಲೆ ಮಲಗಿ ಕಣ್ಣು ಮುಚ್ಚಿದ. ನಾವಿಬ್ಬರೂ ಅವನ ಎರಡು ಕಡೆ ಕೂತು, ನಗು ತಡೆಯಲು ಒಂದೊಂದು ದಿಂಬು ಕಚ್ಚಿಕೊಂಡೆವು. ಹಾಡು ಶುರುವಾಯಿತು. ನೀರು, ದೀಪ, ಕುದುರೆಗಳು. ಬೆನ್ನು ಬಂತು, ಹೋಯಿತು. ಛತ್ರಿ ಬಂತು, ಹೋಯಿತು. ಅವನ ಮುಖ ಅಲ್ಲಾಡಲಿಲ್ಲ. ಅರಳೆಯ ಎಳೆಯೊಂದು ತೇಲಿ ಬಂದು ಅವನ ಕೆನ್ನೆಯ ಮೇಲೆ ಕೂತಿತು, ಕೂತದ್ದು ಅಲ್ಲೇ ಒದ್ದೆಯಾಗಿ ಅಂಟಿಕೊಂಡಿತು. ಆಗ ನೋಡಿದೆವು, ಅವನು ಅಳುತ್ತಿದ್ದ.

‘ಇದು,’ ಎಂದ, ಹಾಡು ಮುಗಿದ ಮೇಲೆ.

‘ಏನು ಇದು?’ ಎಂದಳು ಗುದ್ದಮ್ಮ, ದಿಂಬಿನೊಳಗಿಂದ.

‘ಇದೇ ಟೇಕ್. ಇದರಲ್ಲಿ ಪ್ರಾಣ ಇದೆ. ಮೊದಲ ಸಲ ಇವನು ಯಾರಿಗೋ ಹೇಳ್ತಿದ್ದಾನೆ ಅನ್ನಿಸ್ತು. ಒಂದೊಂದು ಪದವೂ ಕೇಳಿಸ್ತು ಕಣೋ ನಂಗೆ.’

‘ಒಂದೊಂದು ಪದವೂ?’

‘‘ಬತ್ತಿಯ ಬೂದಿ’ ಅಂದಾಗ ಮೈ ಜುಮ್ಮಂತು.’

ಬತ್ತಿ ಇರಬೇಕಾದ ಜಾಗದಲ್ಲಿ ನಾನು ಛತ್ರಿ ಬಿಚ್ಚಿದ್ದೆ. ಪ್ರಾಸಕ್ಕೇನೋ ಮೋಸವಿರಲಿಲ್ಲ. ಬರೆದವನ ಕಿವಿ ತಾನು ಬರೆದದ್ದನ್ನೇ ಕೇಳುತ್ತದೆ, ನಾನು ಏನೇ ಗುರುಗುಟ್ಟಲಿ. ಗುದ್ದಮ್ಮ ನನ್ನತ್ತ ನೋಡಿ ಹುಬ್ಬು ಹಾರಿಸಿದಳು: ನೀನು ಹೇಳು. ನಾನೂ ಹುಬ್ಬು ಹಾರಿಸಿದೆ: ನೀನು ಹೇಳು. ನಮ್ಮ ಹುಬ್ಬುಗಳ ಸಂಭಾಷಣೆ ಮುಗಿಯುವ ಮೊದಲೇ ಅವನು ಎದ್ದು, ನಾನು ಮೊದಲು ಹಾಡಿದ್ದ ಮಿಕ್ಕ ಟೇಕುಗಳನ್ನೆಲ್ಲ ತನ್ನ ಕೈಯಾರೆ ಅಳಿಸಿ, ಹಾಡುಗಳನ್ನು ಸಿ.ಡಿ. ಮಾಡಿಕೊಡುವವರಿಗೆ ಕಳಿಸಿಬಿಟ್ಟ. ಸೀಟಿ ಹಾಕುತ್ತ ಮನೆಗೆ ಹೋದ. ಅವನು ಸೀಟಿ ಹಾಕಿದ್ದನ್ನು ನಾವು ಅದೇ ಮೊದಲು ಕೇಳಿದ್ದು.

‘ನಾಳೆ ಹೇಳೋಣ,’ ಎಂದಳು ಗುದ್ದಮ್ಮ.

ನಾಳೆಗಳು ಹಾಸಿಗೆಗಳ ಹಾಗೆ ಪೇರಿಕೊಂಡವು. ಈ ನಡುವೆ ದೂರದೇಶದ ವಿಮರ್ಶಕನೊಬ್ಬ, ನಮ್ಮ ಭಾಷೆಯ ಗಂಧಗಾಳಿ ಇಲ್ಲದವನು, ಮುಂಗಡವಾಗಿ ಕೇಳಿ ಬರೆದ: ‘ನಾಲ್ಕನೇ ಹಾಡಿನಲ್ಲಿ ಸಮುದ್ರದ ತಳದಿಂದ ಏಳುವ ಅಗಲಿಕೆಯ ಆರ್ತನಾದವಿದೆ, ಎರಡನೇ ಸಾಲಿನಲ್ಲಿ ಗಾಯಕ ದೇವರನ್ನೇ ಪ್ರಶ್ನಿಸುತ್ತಿದ್ದಾನೆ.’ ನೆಲ ಯಾರು ಒರೆಸುತ್ತಾರೆ ಎಂಬುದು ಅಂಥ ದೊಡ್ಡ ಪ್ರಶ್ನೆ ಎಂದು ನನಗೆ ಹೊಳೆದಿರಲಿಲ್ಲ. ಕನ್ನಡಕ ಅದನ್ನು ಹಿಡಿದುಕೊಂಡು ಅಡ್ಡಾಡಿದ. ಆದರೂ, ‘ಅವನಿಗೆ ಮಾತು ಸಿಕ್ಕಿಲ್ಲ, ಸದ್ದು ಸಿಕ್ಕಿದೆ. ಅಕ್ಕನಿಗೆ ಮಾತು ಸಿಗಬೇಕು,’ ಅನ್ನುತ್ತಿದ್ದ.

ಬಿಡುಗಡೆಯನ್ನು ಅಂಗಡಿಯ ವಾರದ ರಜೆಯ ದಿನ, ಮಧ್ಯಾಹ್ನಕ್ಕೆ ಇಟ್ಟುಕೊಂಡೆವು. ವೇದಿಕೆ ಇಲ್ಲ, ಭಾಷಣ ಇಲ್ಲ. ಬಂದವರೆಲ್ಲ ಚಪ್ಪಲಿ ಬಿಟ್ಟು, ಒಂದೊಂದು ಹಾಸಿಗೆ ಹಿಡಿದು, ಮಲಗಿ ಕೇಳಬೇಕು. ಅದು ಗುದ್ದಮ್ಮನ ಉಪಾಯ. ‘ಕೇಳಿದವರಿಗೆ ಹಾಡು ಹಿಡಿಸದಿದ್ರೆ ಹಾಸಿಗೆಯಾದ್ರೂ ಹಿಡಿಸುತ್ತೆ,’ ಎಂದಿದ್ದಳು.

ಜನ ಬರುವುದಕ್ಕೆ ಮೊದಲು ನಾನೂ ಗುದ್ದಮ್ಮನೂ ಹಾಸಿಗೆ ಹಾಸುತ್ತಿದ್ದೆವು.

‘ಅಕ್ಕನಿಗೆ ಯಾವುದು?’ ಎಂದೆ.

‘ಎಲ್ಲಕ್ಕಿಂತ ಮೆತ್ತನೆಯದು. ಎರಡು ದಿಂಬು. ಮೂರನೇ ಹಾಡಿಗೆ ಗೊರಕೆ ಬರಬೇಕು.’

‘ಅಕ್ಕ ಮಲಗಿದ್ರೆ ಅವಳಿಗೆ ಒಂದು ಸಾಲೂ ಸಿಗಲ್ಲ. ಇವನು ಬರೆಯೋದು ಬಿಡ್ತಾನೆ.’

‘ಎದ್ದಿದ್ರೆ?’

‘ಎದ್ದಿದ್ರೆ ನಾವು ಸಿಕ್ಕಿಬೀಳ್ತೀವಿ. ಅಕ್ಕನ ಎದುರಿಗೇ ಅವನ ಮಾನ ಹೋಗುತ್ತೆ.’

ಗುದ್ದಮ್ಮ ಹಾಸಿಗೆಯನ್ನು ಒಮ್ಮೆ ಗುದ್ದಿದಳು. ‘ಅಂತೂ ಮಲಗಿದ್ರೂ ಕಷ್ಟ, ಎದ್ದರೂ ಕಷ್ಟ. ಅರ್ಧ ಮಲಗಿಸೋ ಹಾಸಿಗೆ ನನ್ನ ಹತ್ರ ಇಲ್ಲವಲ್ಲೋ.’

ಜನ ಬಂದರು. ನಮ್ಮ ಕಾಯಂ ಕೇಳುಗರು: ಕಪ್ಪು ಅಂಗಿಯ ಮೇಲೆ ಹಿಟ್ಟಿನ ಬೆರಳಚ್ಚು ಇದ್ದ ಬೇಕರಿಯವನು, ಲಿಫ್ಟು ರಿಪೇರಿ ಮಾಡುವವಳು, ಇನ್ನೂ ಒಂದಷ್ಟು ಜನ. ಕೊನೆಗೆ ಅಕ್ಕ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದಳು.

‘ಇದೇನು, ಆಸ್ಪತ್ರೆ ವಾರ್ಡಾ?’

‘ಮಲಗಿ ಕೇಳಬೇಕು ಅಕ್ಕ,’ ಎಂದ ಕನ್ನಡಕ.

‘ಕೂತು ಕೇಳಿದ್ರೇ ಅರ್ಥ ಆಗದ್ದು ಮಲಗಿದ್ರೆ ಆಗುತ್ತಾ?’ ಅನ್ನುತ್ತಲೇ ಮಲಗಿದಳು. ಮಲಗಿ, ಕನ್ನಡಕ ತೆಗೆದು ಮಡಚಿ ಎದೆಯ ಮೇಲಿಟ್ಟುಕೊಂಡ ಗಳಿಗೆಗೇ ಅವಳ ಮುಖದ ಗೆರೆಗಳೆಲ್ಲ ಸಡಿಲವಾದವು. ಹಾಸಿಗೆ ತನ್ನ ಕೆಲಸ ಮಾಡಿತ್ತು. ಕಾರ್ಡು ಕೊಡಲು ಹೋದ ತಮ್ಮನಿಗೆ ಕೈ ಬೀಸಿ ಬೇಡ ಎಂದಳು. ಕನ್ನಡಕ ಅವಳ ಪಕ್ಕದ ಹಾಸಿಗೆಯಲ್ಲಿ ಮಲಗಿದ. ಮಲಗಿದ ಅನ್ನುವುದು ಮರ್ಯಾದೆಯ ಮಾತು. ಮೈಯೆಲ್ಲ ಕಿವಿಯಾಗಿ, ಅಕ್ಕನ ಮುಖದ ಕಡೆಗೆ ಮುಖ ಮಾಡಿ, ಉಸಿರು ಹಿಡಿದಿದ್ದ.

ಗುದ್ದಮ್ಮ ಗುಂಡಿ ಒತ್ತಿದಳು.

ಮೊದಲನೇ ಹಾಡಿನಲ್ಲಿ ಕೋಣೆ ಇದ್ದ ಹಾಗೆಯೇ ಇತ್ತು. ಎರಡನೆಯದರಲ್ಲಿ ಗೋಡೆಗಳು ಸ್ವಲ್ಪ ಹಿಂದೆ ಸರಿದವು. ಗಿಟಾರಿನ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಮೇಲೇರುತ್ತಿದ್ದವು, ಬಿಸಿಲಿನಲ್ಲಿ ಅರಳೆಯೂ ಹಾಗೆಯೇ ಏರುತ್ತಿತ್ತು, ಯಾವುದು ಕಣ್ಣಿಗೆ, ಯಾವುದು ಕಿವಿಗೆ ಎಂದು ಗೊತ್ತಾಗುತ್ತಿರಲಿಲ್ಲ. ನನ್ನದೇ ದನಿ ಎಲ್ಲೋ ನೆಲದಡಿಯಿಂದ ಬರುತ್ತಿತ್ತು. ನನಗೆ ಪರಿಚಯವಿಲ್ಲದ, ಬಹಳ ಹಳೆಯ ಪ್ರಾಣಿಯೊಂದು ಅಲ್ಲಿ ಮಲಗಿ ಮಗ್ಗುಲು ಬದಲಿಸಿದ ಹಾಗೆ. ಮೂರನೇ ಹಾಡಿಗೆ ಹಾಸಿಗೆಗಳು ದೋಣಿಗಳಾದವು. ಬೇಕರಿಯವನ ಬಾಯಿ ತೆರೆದುಕೊಂಡಿತ್ತು. ಲಿಫ್ಟಿನವಳ ಕೈ ಗಾಳಿಯಲ್ಲಿ ಮೆಲ್ಲಗೆ ಮೇಲೆ ಹೋಗಿ, ಮೆಲ್ಲಗೆ ಕೆಳಗೆ ಬರುತ್ತಿತ್ತು. ಎಲ್ಲ ದೋಣಿಗಳೂ ಒಂದೇ ಕಡೆ ತೇಲುತ್ತಿದ್ದವು, ಯಾರಿಗೂ ಹುಟ್ಟು ಹಾಕುವ ಅವಸರವಿರಲಿಲ್ಲ.

ಅಕ್ಕನ ಕಣ್ಣು ಮುಚ್ಚಿತ್ತು. ತುಟಿ ಸ್ವಲ್ಪ ಬಿರಿದಿತ್ತು. ಒಂದು ಸಣ್ಣ ಗೊರಕೆ ಕೂಡ ಬಂತು.

ಕನ್ನಡಕ ಅದನ್ನು ಕೇಳಿಸಿಕೊಂಡ. ಅವನ ಮುಖ ಸೂರಿನ ಕಡೆಗೆ ತಿರುಗಿತು. ನನಗೆ ಅಷ್ಟು ದೂರದಿಂದಲೇ ತಿಳಿಯಿತು, ಅವನು ಮನಸ್ಸಿನಲ್ಲಿ ಲೇಖನಿಗೆ ಮುಚ್ಚಳ ಹಾಕುತ್ತಿದ್ದ.

ನಾಲ್ಕನೇ ಹಾಡು. ನೀರಿನ ತಳ, ನಡೆಯುವ ದೀಪ. ಡ್ರಮ್ಮು. ಆಮೇಲೆ ನಾನು, ಬೆನ್ನು ನೆಟ್ಟಗೆ ಮಾಡಲು ಹೇಳುತ್ತ.

ಅಕ್ಕನ ಹುಬ್ಬು ಕೂಡಿತು. ಕಣ್ಣು ತೆರೆಯಲಿಲ್ಲ.

‘ಒದ್ದೆ ಛತ್ರಿ ಹೊರಗಿಡೋ,’ ಎಂದು ಪಾತಾಳ ಗುಡುಗಿತು.

‘ನೆಲ ನಿಮ್ಮಪ್ಪ ಒರೆಸ್ತಾನಾ,’ ಎಂದಳು ಅಕ್ಕ.

ನಿದ್ದೆಯ ದನಿ. ಆದರೆ ಸ್ಪಷ್ಟ. ಪಾತಾಳ ಅದನ್ನೇ ಹೇಳುವುದಕ್ಕೆ ಅರ್ಧ ಗಳಿಗೆ ಮೊದಲೇ ಹೇಳಿಬಿಟ್ಟಿದ್ದಳು. ಬೇಕರಿಯವನು ತಲೆ ಎತ್ತಿ, ಕಾರ್ಡನ್ನು ಮೂಗಿನ ಹತ್ತಿರ ಹಿಡಿದ.

‘ಛತ್ರಿ ಎಲ್ಲಿದೆ? ನಂದರಲ್ಲಿ ಬತ್ತಿ ಅಂತಿದೆ,’ ಎಂದು ಪಿಸುಗುಟ್ಟಿದ.

‘ಶ್! ಅದು ರೂಪಕ,’ ಎಂದಳು ಲಿಫ್ಟಿನವಳು.

ಕನ್ನಡಕ ಎದ್ದು ಕೂತಿದ್ದ. ಕಣ್ಣು ಅಕ್ಕನ ತುಟಿಯ ಮೇಲೆ. ಹಾಡು ಏರುತ್ತಿತ್ತು, ಅವನೇ ನುಡಿಸಿದ ರಾಗ, ಅವನೇ ಕಟ್ಟಿದ ಮೆಟ್ಟಿಲು.

‘ಊಟ ಆಯ್ತಾ?’ ಎಂದಿತು ಹಾಡು.

‘ಆಯ್ತು ಅಂತ ಸುಳ್ಳು ಹೇಳಬೇಡ,’ ಎಂದಳು ಅಕ್ಕ, ದಿಂಬಿನ ಮೇಲೆ ತಲೆ ಹೊರಳಿಸುತ್ತ.

ಈಗ ಎಲ್ಲರೂ ಎದ್ದು ಕೂತಿದ್ದರು, ಅಕ್ಕನೊಬ್ಬಳನ್ನು ಬಿಟ್ಟು. ಗುದ್ದಮ್ಮ ಹಾಡು ನಿಲ್ಲಿಸಲು ಕೈ ಚಾಚಿದಳು. ಕನ್ನಡಕ ತಿರುಗಿ ನೋಡದೆಯೇ, ಬೇಡ ಎಂದು ಕೈ ಎತ್ತಿದ. ಡ್ರಮ್ಮು ನಿಂತಿತು. ಗಿಟಾರ್ ಒಂದೇ ಉಳಿಯಿತು. ಆ ತೆಳ್ಳನೆಯ ಬೆಳಕಿನೊಳಗೆ ಎರಡು ದನಿ, ಒಂದು ನೆಲದಡಿಯದು, ಒಂದು ನಿದ್ದೆಯೊಳಗಿನದು, ಒಂದೇ ಉಸಿರಿನಲ್ಲಿ ಹೇಳಿದವು:

‘ಕನ್ನಡಕ ತೆಗೆದು ಮಲಗೋ, ಕನಸಿಗೆ ನಂಬರ್ ಇಲ್ಲ.’

ಹಾಡು ಮುಗಿಯಿತು. ಆ ಮೌನಕ್ಕೆ ಅಕ್ಕ ಎಚ್ಚೆತ್ತಳು. ಎದೆಯ ಮೇಲಿನ ಕನ್ನಡಕ ತಡವಿ ಹಾಕಿಕೊಂಡು, ಸುತ್ತಲೂ ನೋಡಿದಳು.

‘ಯಾಕೆ ಎಲ್ಲ ನನ್ನೇ ನೋಡ್ತಿದ್ದೀರ? ಗೊರಕೆ ಹೊಡೆದ್ನಾ?’

‘ಇಲ್ಲ ಅಕ್ಕ,’ ಎಂದೆ. ನನ್ನ ದನಿಗೆ ಆ ಗಳಿಗೆಯಲ್ಲಿ ಯಾವ ದನಿಯೂ ನೆನಪಾಗಲಿಲ್ಲ, ನನ್ನದೇ ಬಂತು.

‘ಮೊದಲಿನವೆಲ್ಲ ಹಿಟ್ಟು. ಆದ್ರೆ ಇದು ಇದೆಯಲ್ಲ,’ ಅಕ್ಕ ತಮ್ಮನ ಕಡೆ ತಿರುಗಿದಳು, ‘ಇದು ಒಂದೊಂದು ಮಾತೂ ತಿಳೀತು ಕಣೋ.’ ಕನ್ನಡಕ ತೆಗೆದು, ಸೆರಗಿನಲ್ಲಿ ಗಾಜು ಒರೆಸಿಕೊಂಡಳು. ‘ನಾನು ಬಾಯಿ ನೋಯೋ ಹಾಗೆ ಹೇಳ್ತಿರ್ತೀನಿ, ಇವನ ಕಿವಿಗೇ ಹೋಗಲ್ಲ ಅಂದ್ಕೊಂಡಿದ್ದೆ. ಎಲ್ಲ ಕೇಳಿಸ್ಕೊಂಡಿದ್ದೀಯ. ಕೇಳಿಸ್ಕೊಂಡು ಹಾಡೂ ಮಾಡಿದ್ದೀಯ.’

ಕನ್ನಡಕ ನನ್ನತ್ತ ನೋಡಿದ. ಗುದ್ದಮ್ಮನತ್ತ ನೋಡಿದ. ಅವಳು ದಿಂಬಿನ ಹಿಂದೆ ಅರ್ಧ ಮುಖ ಅಡಗಿಸಿಕೊಂಡಿದ್ದಳು. ಮತ್ತೆ ನನ್ನತ್ತ.

‘ಯಾವಾಗ?’ ಎಂದ.

‘ಯಾರದೋ ಗಾಜು ಒಡೆದಿತ್ತಲ್ಲ, ಆ ಮಧ್ಯಾಹ್ನ.’

‘ಮತ್ತೆ ಇದನ್ನ ಆರಿಸಿದ್ದು?’

‘ನೀನೇ.’

‘ಬೇರೆಯದನ್ನೆಲ್ಲ ಅಳಿಸಿದ್ದು?’

‘ಅದೂ ನೀನೇ.’

ಅವನ ಕಿವಿ ಕೆಂಪಾಗಿತ್ತು. ಸಿಟ್ಟು ಬರುತ್ತಿದೆಯೋ ಅಳು ಬರುತ್ತಿದೆಯೋ ಅವನಿಗೇ ತಿಳಿದಂತಿರಲಿಲ್ಲ. ಕೊನೆಗೆ ಅಕ್ಕನ ಕಡೆ ತಿರುಗಿ, ಪ್ರಾಮಾಣಿಕನಾಗಿ ಹೇಳಿಯೇಬಿಟ್ಟ: ‘ಅಕ್ಕ, ಇದರಲ್ಲಿ ನಾನು ಬರೆದದ್ದು ಒಂದಕ್ಷರ ಇಲ್ಲ ಕಣೇ.’

‘ಅದು ನಂಗೊತ್ತಿಲ್ವಾ? ಎಲ್ಲ ನಂದೇ ತಾನೆ,’ ಎಂದಳು ಅಕ್ಕ. ‘ರಾಗ ನೀನು ಹಾಕಿದ್ದೀಯ, ಅಷ್ಟು ಸಾಕು. ಮುಂದಿನದಕ್ಕೆ ಇನ್ನೂ ಸರಿಯಾಗಿ ಬರ್ಕೋ. ಅಡುಗೆಮನೆ ನಲ್ಲಿ ನಿಲ್ಲಿಸೋ ವಿಷಯ ಬಂದೇ ಇಲ್ಲ. ಒದ್ದೆ ಟವಲ್ ವಿಷಯ ಬಂದಿಲ್ಲ. ಹಾಂ, ಇವನ ಗಂಟಲಲ್ಲೇ ಹಾಡಿಸು, ನಾನೇ ಹೇಳಿದ ಹಾಗಿತ್ತು.’

ಮೊದಲು ಕನ್ನಡಕನ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ಆಮೇಲೆ ಭುಜ ಅಲ್ಲಾಡಿತು. ಗುದ್ದಮ್ಮ ದಿಂಬು ಕೆಳಗಿಳಿಸಿದಳು. ಬೇಕರಿಯವನು ಏನೆಂದು ಅರ್ಥವಾಗದೆಯೇ ನಗಲು ಶುರುಮಾಡಿದ, ಲಿಫ್ಟಿನವಳು ಅರ್ಥ ಮಾಡಿಕೊಂಡು ನಕ್ಕಳು, ನಾನು ತಡೆದಿಟ್ಟ ತಿಂಗಳಿನ ನಗುವನ್ನೆಲ್ಲ ಬಿಟ್ಟೆ. ಐದನೇ ಹಾಡು ತನ್ನ ಪಾಡಿಗೆ ತಾನು ಶುರುವಾಗಿತ್ತು, ಯಾರಿಗೂ ಕೇಳಿಸಲಿಲ್ಲ. ‘ನಲ್ಲಿ, ನಲ್ಲಿ!’ ಎಂದು ಹೊಟ್ಟೆ ಹಿಡಿದುಕೊಂಡು, ಹಾಸಿಗೆಯಿಂದ ನೆಲಕ್ಕೆ ಉರುಳಿ, ಅಕ್ಕ ‘ಏಳೋ, ನೆಲ ತಣ್ಣಗಿದೆ’ ಅನ್ನುತ್ತಿದ್ದರೂ ಏಳದೆ, ನಮ್ಮೆಲ್ಲರನ್ನೂ ಮೀರಿಸಿ ನಗುತ್ತಿದ್ದವನು ಕನ್ನಡಕನೇ.